ಪಂದ್ಯ ಮುಗಿದ ಮೇಲಿನ ಎರಡು ಗಂಟೆ: ಆಟ ಆಡುವ ಮಕ್ಕಳು ಕುಡಿತಕ್ಕೆ ಬೀಳದಂತೆ ನೋಡಿಕೊಳ್ಳುವ ಬಗೆ

"ಮಗನನ್ನ ಆಟಕ್ಕೆ ಹಾಕಿದ್ರೆ ಚಟ ಹತ್ತಲ್ಲ ಅಲ್ವಾ?" ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಕಬಡ್ಡಿ ಟೀಮಿಗೆ ಸೇರಿದ ಮೇಲೇ ಕುಡಿಯೋಕೆ ಶುರು ಮಾಡಿದಾನೆ, ಆಟ ಬಿಡಿಸಿಬಿಡಲಾ?"

ಮೊದಲನೆಯದಕ್ಕೆ ಉತ್ತರ: ಬರೀ ಆಟಕ್ಕೆ ಹಾಕಿದರೆ ಸಾಲದು. ಎರಡನೆಯದಕ್ಕೆ: ಬಿಡಿಸಬೇಡಿ. ಅಮೆರಿಕ, ಯುರೋಪುಗಳಲ್ಲಿ ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ತಂಡದ ಆಟ ಆಡುವ ಮಕ್ಕಳು ಸಿಗರೇಟು ಸೇದುವುದು ಕಡಿಮೆ, ಆದರೆ ಮದ್ಯದ ವಿಷಯದಲ್ಲಿ ಆಡದವರಿಗೆ ಸಮ, ಹಲವು ಕಡೆ ಒಂದು ಕೈ ಮೇಲೆ. ಸಿಗರೇಟು ಉಸಿರು ಕಟ್ಟಿಸುತ್ತದೆ, ಮೈದಾನದಲ್ಲೇ ಗೊತ್ತಾಗುತ್ತದೆ. ಮದ್ಯ ಹಾಗಲ್ಲ, ಅದು ಗೆಲುವಿನ ಜೊತೆ, ಗೆಳೆತನದ ಜೊತೆ, "ಟ್ರೀಟ್" ಎಂಬ ಮಾತಿನ ಜೊತೆ ಬರುತ್ತದೆ.

ಐಸ್‌ಲ್ಯಾಂಡಿನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1998ರಲ್ಲಿ ಆ ದೇಶದ 15–16 ವಯಸ್ಸಿನ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿದಿತ್ತು. ಆಟ ಅಲ್ಲಿ ದೊಡ್ಡ ಪಾತ್ರ ವಹಿಸಿತು, ನಿಜ. ಆದರೆ ಅದು ತರಬೇತಾದ ಕೋಚ್‌ಗಳಿರುವ ಕ್ಲಬ್ಬಿನ ಆಟ. ಜೊತೆಗೆ ಕ್ಲಬ್ಬಿನ ಶುಲ್ಕಕ್ಕೆ ನಗರಾಡಳಿತದ ಹಣ, ರಾತ್ರಿ ಮಕ್ಕಳು ಹೊರಗಿರುವ ಹೊತ್ತಿಗೆ ಮಿತಿ, ಹೆತ್ತವರ ನಡುವೆ ಪರಸ್ಪರ ಒಪ್ಪಂದ. ಅದೇ ದೇಶದಲ್ಲಿ, ದೊಡ್ಡವರ ಉಸ್ತುವಾರಿ ಇಲ್ಲದೆ ತಾವೇ ಸೇರಿ ಆಡುತ್ತಿದ್ದ ಮಕ್ಕಳಿಗೆ ಕುಡಿತದ ವಿಷಯದಲ್ಲಿ ಈ ರಕ್ಷಣೆ ಸಿಗಲಿಲ್ಲ.

ಹಾಗಾಗಿ ಗಮನ ಇಡಬೇಕಾದದ್ದು ಆಟದ ಒಂದು ಗಂಟೆಯ ಮೇಲಲ್ಲ, ಆಟ ಮುಗಿದ ಮೇಲಿನ ಎರಡು ಗಂಟೆಯ ಮೇಲೆ. ಕೆಳಗಿನ ಹಂತಗಳೆಲ್ಲ ಅದಕ್ಕೇ. ಹೆತ್ತವರು, ಪಿ.ಟಿ. ಮೇಷ್ಟ್ರು, ಊರಿನ ಯುವಕ ಸಂಘದವರು ಮೂವರಿಗೂ ಇದರಲ್ಲಿ ಪಾಲಿದೆ. "ಹುಡುಗ" ಎಂದು ಬರೆದಿರುವ ಕಡೆಯೆಲ್ಲ ಹುಡುಗಿಯರೂ ಸೇರಿದ್ದಾರೆ.

ಮೊದಲು ಹೊಂದಿಸಿಕೊಳ್ಳಬೇಕಾದವು

ಒಂದು ನೋಟ್‌ಬುಕ್. ತೂಕದ ಯಂತ್ರ (ಶಾಲೆಯಲ್ಲಿರುವುದೇ ಸಾಕು). ಮೈದಾನಕ್ಕೆ 20 ಲೀಟರಿನ ನೀರಿನ ಕ್ಯಾನ್, ಐದಾರು ಓಆರ್‌ಎಸ್ ಪ್ಯಾಕೆಟ್. ಫೋನಿನಲ್ಲಿ ಸೇವ್ ಮಾಡಿದ ನಾಲ್ಕು ನಂಬರು: ಆ್ಯಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿ 1098, ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎಲ್ಲವೂ ಉಚಿತ. ಇವೆಲ್ಲಕ್ಕಿಂತ ಸಿಗುವುದು ಕಷ್ಟ ಎಂದರೆ ಪಂದ್ಯದ ದಿನ ಕೊನೆಯ ಹುಡುಗ ಮನೆ ಸೇರುವವರೆಗೆ ಕುಡಿಯದೆ ಜೊತೆಗಿರುವ ಒಬ್ಬ ದೊಡ್ಡವರು. ಅವರ ಹೆಸರನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ.

ಹಂತ 1: ಒಂದು ವಾರದ ಲೆಕ್ಕ ಬರೆಯಿರಿ

ಹುಡುಗನ ಜೊತೆ ಕೂತೇ ಬರೆಯಿರಿ, ಹಿಂದಿನಿಂದ ಗೂಢಚಾರಿಕೆ ಬೇಡ. ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯಿರಿ: ಎಷ್ಟು ನಿಮಿಷ ಆಡಿದ, ಯಾರ ಜೊತೆ, ಆಟ ಮುಗಿದ ಮೇಲೆ ಮನೆಗೆ ಬರಲು ಎಷ್ಟು ಹೊತ್ತು ಹಿಡಿಯಿತು. ಏಳು ದಿನ ಸಾಕು.

ನೋಡಬೇಕಾದದ್ದು ಮೂರನೇ ಕಲಂ. ಮೈದಾನದಿಂದ ಮನೆಗೆ ಹತ್ತು ನಿಮಿಷದ ದಾರಿ, ಆದರೆ ಶನಿವಾರ ಮಾತ್ರ ಎರಡೂವರೆ ಗಂಟೆ ಅಂದರೆ, ನೀವು ಮಾತಾಡಬೇಕಾದದ್ದು ಶನಿವಾರದ ಬಗ್ಗೆ. ಉಳಿದ ಆರು ದಿನದ ಬಗ್ಗೆ ಬೈದು ಸುಮ್ಮನೆ ಬಾಯಿ ನೋಯಿಸಿಕೊಳ್ಳಬೇಡಿ.

ಎರಡನೇ ಕಲಂನಲ್ಲಿ ವಯಸ್ಸನ್ನೂ ಬರೆಸಿ. 15–16ರ ಹುಡುಗರು 22–25ರ ಹುಡುಗರ ಜೊತೆ ಆಡುವ ಟೆನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ತಂಡಗಳು ಊರೂರಿನಲ್ಲಿವೆ. ಆಟ ಕಲಿಯಲು ಅದು ಒಳ್ಳೆಯದೇ. ಆದರೆ ಬಾಟಲಿ ಕೊಳ್ಳಲು ವಯಸ್ಸಿರುವವರು, ಕೈಯಲ್ಲಿ ಸಂಬಳವಿರುವವರು ಅದೇ ತಂಡದಲ್ಲಿರುತ್ತಾರೆ. ಕಿರಿಯನಿಗೆ ಎಣ್ಣೆ ಸಿಗುವುದು ಅಂಗಡಿಯಲ್ಲಲ್ಲ, ಅಣ್ಣಂದಿರ ಕೈಯಲ್ಲಿ.

ಹಂತ 2: ದಿನಕ್ಕೆ 60 ನಿಮಿಷ ಸೇರಿಸಿ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇಷ್ಟು: 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಚಟುವಟಿಕೆ, ವಾರದಲ್ಲಿ ಕನಿಷ್ಠ 3 ದಿನ ತೀವ್ರವಾದದ್ದು, ಸ್ನಾಯು ಮತ್ತು ಮೂಳೆ ಗಟ್ಟಿಯಾಗುವಂಥದ್ದು. ಮಧ್ಯಮ ಅಂದರೆ ಮಾತಾಡಬಹುದು, ಹಾಡಲು ಆಗುವುದಿಲ್ಲ. ತೀವ್ರ ಅಂದರೆ ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕು. 2016ರ ಅಂಕಿಗಳ ಪ್ರಕಾರ ಜಗತ್ತಿನ 11–17 ವಯಸ್ಸಿನವರಲ್ಲಿ ಶೇ. 81ರಷ್ಟು ಮಂದಿ ಇಷ್ಟನ್ನೂ ಮಾಡುತ್ತಿರಲಿಲ್ಲ. ಹತ್ತನೇ ಕ್ಲಾಸು ಬಂತೆಂದರೆ ಪಿ.ಟಿ. ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ನಮ್ಮ ಶಾಲೆಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

60 ನಿಮಿಷ ಒಂದೇ ಏಟಿಗೆ ಆಗಬೇಕಿಲ್ಲ. ಕಾಲೇಜಿಗೆ 20 ನಿಮಿಷ ಸೈಕಲ್ ತುಳಿದರೆ, ಸಂಜೆ 40 ನಿಮಿಷ ಖೋ-ಖೋ ಆಡಿದರೆ ಲೆಕ್ಕ ಮುಗಿಯಿತು. ಏನೂ ಮಾಡದೆ ಇದ್ದವನಾದರೆ ಮೊದಲ ಎರಡು ವಾರ 20 ನಿಮಿಷ ಚುರುಕು ನಡಿಗೆ, ಮುಂದಿನ ಎರಡು ವಾರ 35, ಆಮೇಲೆ 60. ಮೊದಲ ದಿನವೇ ಐದು ಕಿ.ಮೀ. ಓಡಿಸಿದರೆ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯಲ್ಲಿ ನೋವು ಶುರುವಾಗಿ ಮೂರನೇ ದಿನ ಅವನು ಬರುವುದೇ ಇಲ್ಲ. ವಾರದ ಮೂರು ದಿನಕ್ಕೆ ದಂಡ, ಬಸ್ಕಿ, ಹಗ್ಗದಾಟ ಸೇರಿಸಿ; ಜಿಮ್ ಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 9ರೊಳಗೆ ಅಥವಾ ಸಂಜೆ 4.30ರ ನಂತರ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಕಡೆ ಸಮಸ್ಯೆ ಹೆಚ್ಚಾಗಿ ಬೇರೆ: ದೊಡ್ಡವಳಾದಳು ಎಂದು ಆಟವೇ ನಿಂತುಬಿಡುತ್ತದೆ. ಮೈದಾನದ ಹತ್ತಿರ ಬಾಗಿಲಿರುವ ಶೌಚಾಲಯ, ಕತ್ತಲಾಗುವ ಮುಂಚೆ ಮುಗಿಯುವ ಅಭ್ಯಾಸ, ಜೊತೆಗೆ ಬರುವ ಇಬ್ಬರು ಗೆಳತಿಯರು. ಈ ಮೂರು ಇದ್ದರೆ ಬಿಟ್ಟವರಲ್ಲಿ ಎಷ್ಟೋ ಮಂದಿ ಮರಳಿ ಬರುತ್ತಾರೆ.

ಹಂತ 3: ತಂಡಕ್ಕೆ ಸೇರಿಸುವ ಮುಂಚೆ ಕೇಳಬೇಕಾದ ಪ್ರಶ್ನೆ

ಕೋಚ್ ಎಷ್ಟು ಪದಕ ಗೆದ್ದಿದ್ದಾರೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಇವನ್ನು ಕೇಳಿ:

- ಹೊರಊರಿನ ಪಂದ್ಯಕ್ಕೆ ಹೋದಾಗ ರಾತ್ರಿ ಮಕ್ಕಳ ಜೊತೆ ಒಂದೇ ಕಟ್ಟಡದಲ್ಲಿ ಯಾರು ಮಲಗುತ್ತಾರೆ?
- ಬಹುಮಾನದ ದುಡ್ಡು ಯಾರ ಕೈಗೆ ಹೋಗುತ್ತದೆ?
- ಮಕ್ಕಳ ಮುಂದೆ ಕೋಚ್, ಹಿರಿಯ ಆಟಗಾರರು ಕುಡಿಯುತ್ತಾರೆಯೇ?
- ಯಾರಾದರೂ ಕುಡಿದು ಸಿಕ್ಕಿಬಿದ್ದರೆ ಏನು ಮಾಡುತ್ತೀರಿ?

ಕೊನೆಯ ಪ್ರಶ್ನೆಗೆ "ನಮ್ಮಲ್ಲಿ ಅಂಥವರು ಯಾರೂ ಇಲ್ಲ" ಎಂಬ ಉತ್ತರ ಬಂದರೆ ಅದನ್ನೇ ಎಚ್ಚರಿಕೆ ಎಂದು ತಿಳಿಯಿರಿ. "ಮನೆಯವರನ್ನ ಕರೆಸ್ತೀವಿ, ಎರಡು ಪಂದ್ಯ ಕೂರಿಸ್ತೀವಿ, ಅಭ್ಯಾಸಕ್ಕೆ ಮಾತ್ರ ಬರಬೇಕು" ಎಂದರೆ ಆ ಕೋಚ್‌ಗೆ ವಿಷಯ ಗೊತ್ತಿದೆ.

ಹಂತ 4: ಪಂದ್ಯದ ದಿನವನ್ನು ಗಂಟೆಗಂಟೆಗೆ ಯೋಜಿಸಿ

ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ.

ಹೊನಲು ಬೆಳಕಿನ ಪಂದ್ಯಾವಳಿ ಸಂಜೆ 6ಕ್ಕೆ ಎಂದು ಕರಪತ್ರ ಹೊಡೆಸಿರುತ್ತಾರೆ. ವೇದಿಕೆ ಭಾಷಣ ಮುಗಿದು ಮೊದಲ ಪಂದ್ಯ ಶುರುವಾಗುವಾಗ ಎಂಟೂವರೆ. ಫೈನಲ್ ನಡುರಾತ್ರಿ ದಾಟುತ್ತದೆ. ಈ ಮಧ್ಯೆ ಹುಡುಗರು ಐದಾರು ಗಂಟೆ ಖಾಲಿ ಕೂತಿರುತ್ತಾರೆ, ಹೊಟ್ಟೆಯೂ ಖಾಲಿ, ಸುತ್ತ ಕುಡಿದ ಪ್ರೇಕ್ಷಕರು. ಸೋತ ತಂಡ ಬೇಜಾರಿಗೆ, ಗೆದ್ದ ತಂಡ ಖುಷಿಗೆ. ಸಂಘಟಕರು ನೀವಾದರೆ 18ರ ಒಳಗಿನವರ ಪಂದ್ಯಗಳನ್ನು ಮೊದಲು ಮುಗಿಸಿ, ಅವರ ಬಹುಮಾನವನ್ನು ಅಲ್ಲೇ 9ರೊಳಗೆ ಕೊಟ್ಟು ಕಳಿಸಿ. ಶಾಸಕರು ಬರಲಿ ಎಂದು ಮಕ್ಕಳನ್ನು ಕಾಯಿಸಬೇಡಿ.

ಪಂದ್ಯಕ್ಕೆ ಎರಡು ಗಂಟೆ ಮುಂಚೆ: 400ರಿಂದ 500 ಮಿ.ಲೀ. ನೀರು. ಆಟದ ಮಧ್ಯೆ 15–20 ನಿಮಿಷಕ್ಕೊಮ್ಮೆ 150ರಿಂದ 200 ಮಿ.ಲೀ. ಮುಂಚೆ ಮತ್ತು ನಂತರ ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಮುಂದಿನ ಕೆಲವು ಗಂಟೆಗಳಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಬೇಕು. ದೊಡ್ಡ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೇ ಹಾಕಿ. ಅರ್ಧ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಅಂದಾಜಿನಲ್ಲಿ ಕಲಸಿದರೆ ಉಪ್ಪು ಅತಿಯಾಗುತ್ತದೆ.

ಮುಗಿದ ಅರ್ಧ ಗಂಟೆಯೊಳಗೆ ಊಟವಲ್ಲದಿದ್ದರೂ ಏನಾದರೂ ಹೊಟ್ಟೆಗೆ ಬೀಳಲಿ: ಎರಡು ಬಾಳೆಹಣ್ಣು, ಕಡಲೆ ಚಿಕ್ಕಿ, ಬೇಯಿಸಿದ ಮೊಟ್ಟೆ, ಉಪ್ಪು ಹಾಕಿದ ಮಜ್ಜಿಗೆ. ಒಂದು ತಲೆಗೆ 40–50 ರೂಪಾಯಿಯೊಳಗೆ ಆಗುತ್ತದೆ. ಹಸಿದ, ಬಾಯಾರಿದ ಹುಡುಗನಿಗೆ ತಣ್ಣಗಿನ ಬಿಯರ್ ನೀರಿನ ಹಾಗೆ ಕಾಣುತ್ತದೆ. ಅದು ನೀರಲ್ಲ. ನೀರನ್ನು ಹಿಡಿದಿಡಲು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನನ್ನು ಮದ್ಯ ತಡೆಯುತ್ತದೆ, ಒಣಗಿದ ದೇಹ ಇನ್ನಷ್ಟು ಒಣಗುತ್ತದೆ.

ಬಹುಮಾನದ ದುಡ್ಡು ನಗದಾಗಿ ತಂಡದ ಕ್ಯಾಪ್ಟನ್ ಕೈಗೆ ಹೋದರೆ ಆ ರಾತ್ರಿಯೇ ಅದಕ್ಕೆ ದಾರಿ ಸಿಗುತ್ತದೆ. ಸಂಘದ ಖಾತೆಗೆ ಚೆಕ್ ಕೊಡಿ. ಇಲ್ಲದಿದ್ದರೆ ದುಡ್ಡಿನ ಬದಲು ಶೂ, ಮ್ಯಾಟ್, ನೆಟ್ ಕೊಡಿ. "ಪಾರ್ಟಿ ಬೇಡ" ಎಂದು ಹೇಳಿ ಸುಮ್ಮನಾಗುವುದಕ್ಕಿಂತ ಮರುದಿನ ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಬಿರಿಯಾನಿ ಇಟ್ಟುಕೊಳ್ಳಿ. ಸಂಭ್ರಮಕ್ಕೆ ಜಾಗ ಕೊಡದಿದ್ದರೆ ಅದು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ.

ಪ್ರಾಯೋಜಕರ ಬಗ್ಗೆ ಒಂದು ಮಾತು. ಬಾರ್ ಆ್ಯಂಡ್ ರೆಸ್ಟೋರೆಂಟ್ ಹೆಸರಿನ ಜೆರ್ಸಿ, ಮದ್ಯದ ಹೆಸರನ್ನೇ ಇಟ್ಟುಕೊಂಡ ಸೋಡಾದ ಬ್ಯಾನರ್ ಮಕ್ಕಳ ಪಂದ್ಯಕ್ಕೆ ಬೇಡ. ಎರಡನೆಯದಕ್ಕೆ ಸರೊಗೇಟ್ ಜಾಹೀರಾತು ಎನ್ನುತ್ತಾರೆ: ಮದ್ಯದ ಜಾಹೀರಾತಿಗೆ ತಡೆ ಇರುವುದರಿಂದ ಅದೇ ಹೆಸರಿನ ಬೇರೆ ವಸ್ತು ತೋರಿಸಿ ಹೆಸರನ್ನು ತಲೆಯಲ್ಲಿ ಕೂರಿಸುವ ಬಗೆ.

ಕೊನೆಯದು, ವಾಹನ. ಒಂದು ಗೂಡ್ಸ್ ಟೆಂಪೋ ಹಿಂದೆ ಹನ್ನೆರಡು ಜನ ಅಥವಾ ಒಂದು ಬೈಕಿನಲ್ಲಿ ಮೂವರು, ಇವೆರಡೂ ಬೇಡ. ಅಪ್ರಾಪ್ತನ ಕೈಗೆ ಗಾಡಿ ಕೊಟ್ಟು ಅವನು ಕಾನೂನು ಮುರಿದರೆ, ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಹಂತ 5: ಲೆಕ್ಕ ತೋರಿಸಿ ಮಾತಾಡಿ

"ಕುಡಿದರೆ ಲಿವರ್ ಹೋಗುತ್ತೆ" ಎಂದರೆ 16ರ ಹುಡುಗನಿಗೆ ಅದು ನಲವತ್ತು ವರ್ಷದ ಆಚೆಯ ಮಾತು. ಮುಂದಿನ ಭಾನುವಾರದ ಪಂದ್ಯದ ಮಾತಾಡಿ. ಪೆನ್ನು ಹಿಡಿದು ಈ ಲೆಕ್ಕ ಅವನ ಕೈಯಲ್ಲೇ ಮಾಡಿಸಿ:

ಮಿ.ಲೀ. × ಮದ್ಯಸಾರದ ಶೇಕಡಾ ÷ 100 × 0.79 = ಶುದ್ಧ ಮದ್ಯಸಾರ ಎಷ್ಟು ಗ್ರಾಂ.

ಶೇ. 7ರ ಸ್ಟ್ರಾಂಗ್ ಬಿಯರ್ 650 ಮಿ.ಲೀ. ಬಾಟಲಿ ಅಂದರೆ 36 ಗ್ರಾಂ. ಶೇ. 42.8ರ ವಿಸ್ಕಿ ಅಥವಾ ರಮ್ಮಿನ 90 ಮಿ.ಲೀ. ಟೆಟ್ರಾ ಪ್ಯಾಕ್ ಅಂದರೆ 30 ಗ್ರಾಂ. ಕ್ವಾರ್ಟರ್, ಅಂದರೆ 180 ಮಿ.ಲೀ., 61 ಗ್ರಾಂ. "ಬರೀ ಬಿಯರ್" ಎಂಬ ಮಾತಿನ ಬಂಡವಾಳ ಇಲ್ಲೇ ಬಯಲಾಗುತ್ತದೆ: ಒಂದು ಸ್ಟ್ರಾಂಗ್ ಬಾಟಲಿ ಒಂದು ನೈಂಟಿಗಿಂತ ಹೆಚ್ಚು.

ದೊಡ್ಡವರ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ನಿಂಬೆಹಣ್ಣು, ಮೊಸರು, ಕಾಫಿ, ಓಟ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 11ಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ 6ರ ಅಭ್ಯಾಸದ ಹೊತ್ತಿಗೂ ಮದ್ಯ ಉಳಿದಿರಬಹುದು. 50 ಕಿಲೋ ತೂಕದ ಹುಡುಗ ಖಾಲಿ ಹೊಟ್ಟೆಯಲ್ಲಿ ಒಂದು ನೈಂಟಿ ಬೇಗ ಇಳಿಸಿದರೆ, ವಾಹನ ಚಾಲನೆಗೆ ಕಾನೂನು ಇಟ್ಟಿರುವ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮಿತಿಯನ್ನು ಎರಡು ಪಟ್ಟು ದಾಟಿಬಿಡಬಹುದು.

ಆಟಕ್ಕೆ ಆಗುವ ನಷ್ಟವನ್ನೂ ಹೀಗೇ ಹೇಳಿ. ಯುವಕರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಕಠಿಣ ವ್ಯಾಯಾಮದ ನಂತರ ಪ್ರೋಟೀನ್ ಜೊತೆಗೆ ಭಾರೀ ಪ್ರಮಾಣದ ಮದ್ಯ ಕೊಟ್ಟಾಗ ದೇಹ ಸ್ನಾಯು ಕಟ್ಟುವ ವೇಗ ಸುಮಾರು ಕಾಲು ಭಾಗ ಇಳಿಯಿತು. ಪ್ರೋಟೀನ್ ಕೊಡದಿದ್ದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂದರೆ ಸಂಜೆ ಎತ್ತಿದ ಭಾರದ ಫಲದಲ್ಲಿ ಒಂದು ಪಾಲು ರಾತ್ರಿ ಚರಂಡಿಗೆ. ನಿದ್ದೆಯೂ ಹಾಳು: ಬೇಗ ಬರುತ್ತದೆ, ಆದರೆ ಅರ್ಧ ರಾತ್ರಿಯ ಮೇಲೆ ಒಡೆಯುತ್ತದೆ. ಕಾಲು ಉಳುಕಿದ ಮೊದಲ 48ರಿಂದ 72 ಗಂಟೆ ಮದ್ಯ ಮುಟ್ಟಲೇಬಾರದು, ಬಾವು ಹೆಚ್ಚುತ್ತದೆ. ನೋವಿನ ಮಾತ್ರೆ ನುಂಗಿ ಆಡುವವರಿಗೆ ಇನ್ನೊಂದು: ಐಬುಪ್ರೊಫೇನ್, ಡೈಕ್ಲೊಫೆನಾಕ್ ಜೊತೆ ಮದ್ಯ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ, ಪ್ಯಾರಾಸಿಟಮಾಲ್ ಜೊತೆ ಲಿವರಿಗೆ ಪೆಟ್ಟು.

"ನಾನು ಕುಡಿದ್ರೂ ಸ್ಟಡಿ ಇರ್ತೀನಿ" ಎಂದು ಕೆಲವರು ಹೆಮ್ಮೆ ಪಡುತ್ತಾರೆ. ಅದು ಹೆಮ್ಮೆಯಲ್ಲ, ಅಪಾಯ. ಹದಿಹರೆಯದಲ್ಲಿ ತೂಕಡಿಕೆ, ತೂರಾಟ ದೊಡ್ಡವರಷ್ಟು ಬೇಗ ಬರುವುದಿಲ್ಲ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ. ಸಾಕು ಎಂದು ಹೇಳುವ ಗಂಟೆ ಬಾರಿಸದೆ ಇರುವಾಗ ಕೈ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಇತ್ತ ಮುಂದಾಲೋಚನೆ ಮಾಡುವ ಮಿದುಳಿನ ಮುಂಭಾಗ ಪಕ್ವವಾಗುವುದೇ ಇಪ್ಪತ್ತೈದರ ಸುಮಾರಿಗೆ.

ಬೇಡ ಎನ್ನುವ ಮಾತನ್ನೂ ಅವನಿಗೆ ಕೊಟ್ಟು ಕಳಿಸಿ. ಗೆಳೆಯರ ಮಧ್ಯೆ ಉಪದೇಶ ನಡೆಯುವುದಿಲ್ಲ, ಚುಟುಕು ನೆಪ ನಡೆಯುತ್ತದೆ: "ಮಾತ್ರೆ ತಗೊಂಡಿದೀನಿ ಮಗಾ", "ನಾಳೆ ಆರಕ್ಕೆ ಪ್ರಾಕ್ಟೀಸ್, ಸರ್ ಮೂಸಿ ನೋಡ್ತಾರೆ". ಕೈಯಲ್ಲಿ ಆಗಲೇ ಒಂದು ಜ್ಯೂಸ್ ಲೋಟ ಇದ್ದರೆ ಇನ್ನೊಂದನ್ನು ತುರುಕುವುದು ಕಷ್ಟ. ಮನೆಗೂ ಅವನಿಗೂ ಒಂದು ಒಪ್ಪಂದ ಇರಲಿ: ಎಷ್ಟೇ ಹೊತ್ತಿಗೆ ಎರಡು ಮಿಸ್ಡ್ ಕಾಲ್ ಕೊಟ್ಟರೂ ಅಪ್ಪನೋ ಮಾವನೋ ಹೋಗಿ ಕರೆತರುತ್ತಾರೆ, ಬೆಳಗಾಗುವವರೆಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಒಮ್ಮೆ ಈ ಮಾತು ತಪ್ಪಿದರೆ ಎರಡನೇ ಮಿಸ್ಡ್ ಕಾಲ್ ಬರುವುದಿಲ್ಲ.

ಹಬ್ಬದ ದಿನ "ನಮ್ಮ ಮುಂದೆನೇ ಒಂದು ಸಿಪ್ ಹಾಕೋ" ಎನ್ನುವ ನೆಂಟರನ್ನು ತಡೆಯಿರಿ. ಮನೆಯಲ್ಲಿ ರುಚಿ ತೋರಿಸಿದರೆ ಹೊರಗೆ ಹೋಗುವುದಿಲ್ಲ ಎಂಬುದು ಸುಳ್ಳು ಸಮಾಧಾನ. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 77ರ ಪ್ರಕಾರ, ವೈದ್ಯರ ಸೂಚನೆ ಇಲ್ಲದೆ 18ರ ಒಳಗಿನವರಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ತಂಡದ ಅಣ್ಣಂದಿರಿಗೂ ಇದೇ ಕಾನೂನು. ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸು 18ಓ 21ಓ ಎಂಬ ಗೊಂದಲ ಹಳೆಯದು: ಅಬಕಾರಿ ಕಾಯ್ದೆಯಲ್ಲಿ 18, ಪರವಾನಗಿ ನಿಯಮದಲ್ಲಿ 21. 2023ರಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂದು, ವಿರೋಧದ ನಂತರ ಕೈಬಿಟ್ಟರು. ಪಿಯುಸಿ ಹುಡುಗನಿಗೆ ಎರಡರ ಪ್ರಕಾರವೂ ಇಲ್ಲ.

ಹಂತ 6: ಕುಡಿದು ಬಂದ ರಾತ್ರಿ

ಬೈಗುಳ, ಏಟು, ವಿಚಾರಣೆ ಎಲ್ಲ ನಾಳೆಗೆ. ಇವತ್ತು ಮೊದಲು ನೋಡಬೇಕಾದದ್ದು ಉಸಿರು.

1. ಹೆಸರು ಕರೆದು, ಭುಜ ಅಲುಗಿಸಿ. ಕಣ್ಣು ಬಿಟ್ಟು ಮಾತಾಡಿದರೆ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ ಸಕ್ಕರೆ ನೀರು ಅಥವಾ ಓಆರ್‌ಎಸ್ ಕೊಡಿ. ಆಟವಾಡಿ, ಊಟ ಮಾಡದೆ ಕುಡಿದವನ ರಕ್ತದ ಸಕ್ಕರೆ ಕುಸಿಯಬಹುದು. ಇದು ಹಲವರಿಗೆ ಗೊತ್ತಿಲ್ಲದ ಅಪಾಯ.
2. ಎಚ್ಚರವಾಗದಿದ್ದರೆ, ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ಮಧ್ಯೆ 10 ಸೆಕೆಂಡಿಗಿಂತ ಹೆಚ್ಚು ಅಂತರ, ತಣ್ಣಗಿನ ಬೆವರು ಮೈ, ನೀಲಿಗಟ್ಟಿದ ತುಟಿ, ಫಿಟ್ಸ್, ಪ್ರಜ್ಞೆಯಿಲ್ಲದೆ ವಾಂತಿ ಇವುಗಳಲ್ಲಿ ಒಂದೇ ಕಂಡರೂ ತಕ್ಷಣ 108.
3. ಆ್ಯಂಬುಲೆನ್ಸ್ ಬರುವವರೆಗೆ ಮಗ್ಗುಲಾಗಿ ಮಲಗಿಸಿ, ಮೇಲಿನ ಕಾಲನ್ನು ಮಡಿಸಿ ಮುಂದಕ್ಕೆ ಇಡಿ, ತಲೆ ಸ್ವಲ್ಪ ಹಿಂದಕ್ಕೆ, ಬಾಯಿ ಕೆಳಮುಖ. ಅಂಗಾತ ಮಲಗಿದವನು ತನ್ನ ವಾಂತಿಯಲ್ಲೇ ಉಸಿರುಗಟ್ಟಬಹುದು.
4. ಎಚ್ಚರವಿದ್ದವನನ್ನೂ ಒಬ್ಬನೇ ಮಲಗಲು ಬಿಡಬೇಡಿ. ಕೊನೆಯ ಗುಟುಕಿನ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದೆ ರಕ್ತದಲ್ಲಿ ಮದ್ಯ ಏರುತ್ತಲೇ ಇರುತ್ತದೆ.

ಜನ ಮಾಡುವ ತಪ್ಪುಗಳು ಹೆಚ್ಚು ಕಡಿಮೆ ಒಂದೇ: ತಲೆಗೆ ತಣ್ಣೀರು ಸುರಿಯುವುದು (ಮದ್ಯದಿಂದ ಮೊದಲೇ ಇಳಿದ ಮೈಬಿಸಿ ಮತ್ತೂ ಇಳಿಯುತ್ತದೆ), ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು, ಬಾಯಿಗೆ ಹುಳಿ ಮಜ್ಜಿಗೆ ಹುಯ್ಯುವುದು, "ಮಲಗಿದ್ರೆ ಸರಿ ಹೋಗ್ತಾನೆ" ಎಂದು ಬಾಗಿಲು ಹಾಕಿಕೊಳ್ಳುವುದು. ಆಸ್ಪತ್ರೆಯಲ್ಲಿ ಏನು ಕುಡಿದ, ಎಷ್ಟು, ಯಾವ ಮಾತ್ರೆ ತೆಗೆದುಕೊಂಡ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಕಳ್ಳಬಟ್ಟಿ ಅಥವಾ ಲೇಬಲ್ ಇಲ್ಲದ ಸರಕು ಕುಡಿದಿದ್ದರೆ, ಆಗ ಚೆನ್ನಾಗಿಯೇ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಮೆಥನಾಲ್ ಬೆರೆತಿದ್ದರೆ ಕಣ್ಣು ಮಂಜಾಗುವುದು, ಹೊಟ್ಟೆನೋವು 12ರಿಂದ 24 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಆಗ ಪ್ರತಿ ಗಂಟೆಯೂ ಮುಖ್ಯ.

ಮರುದಿನ ಬೆಳಿಗ್ಗೆ "ಬೆವರು ಹರಿಸಿದ್ರೆ ಇಳಿಯುತ್ತೆ" ಎಂದು ಮೈದಾನ ಸುತ್ತಿಸುವ ಮೇಷ್ಟ್ರುಗಳಿದ್ದಾರೆ. ದಯವಿಟ್ಟು ಬೇಡ. ನೀರಿಲ್ಲದೆ ಒಣಗಿದ ದೇಹವನ್ನು ಬಿಸಿಲಿನಲ್ಲಿ ಓಡಿಸಿದರೆ ಕುಸಿದು ಬೀಳುತ್ತಾನೆ. ಆಟವೇ ಶಿಕ್ಷೆಯಾದರೆ ಆಟದ ಮೇಲಿನ ಪ್ರೀತಿಯೂ ಹೋಗುತ್ತದೆ. ಆ ದಿನ ಬರೀ ನೀರು, ಊಟ, ನಿದ್ದೆ.

ಹಂತ 7: ಒಂದೇ ಸಲವೋ, ರೂಢಿಯೋ?

ವೈದ್ಯರು 12ರಿಂದ 21 ವಯಸ್ಸಿನವರಿಗೆ ಬಳಸುವ ಕ್ರಾಫ್ಟ್ ಎಂಬ ಆರು ಪ್ರಶ್ನೆಗಳ ಪಟ್ಟಿ ಇದೆ. ಅದರ ಸಾರ ಹೀಗೆ:

1. ಕುಡಿದವರು ಓಡಿಸುತ್ತಿದ್ದ, ಅಥವಾ ನೀನೇ ಕುಡಿದು ಓಡಿಸಿದ ಗಾಡಿಯಲ್ಲಿ ಹೋಗಿದ್ದೀಯಾ?
2. ಮನಸ್ಸು ಹಗುರವಾಗಲಿ, ಗುಂಪಿನಲ್ಲಿ ಬೆರೆಯಲಿ ಎಂದು ಕುಡಿದಿದ್ದೀಯಾ?
3. ಒಬ್ಬನೇ ಇರುವಾಗ ಕುಡಿದಿದ್ದೀಯಾ?
4. ಕುಡಿದಾಗ ಮಾಡಿದ್ದು ಮರೆತುಹೋಗಿದೆಯಾ?
5. ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳಿದ್ದಾರಾ?
6. ಕುಡಿತದಿಂದ ಯಾವುದಾದರೂ ತಾಪತ್ರಯಕ್ಕೆ ಸಿಕ್ಕಿಕೊಂಡಿದ್ದೀಯಾ?

ಎರಡು ಅಥವಾ ಹೆಚ್ಚು "ಹೌದು" ಬಂದರೆ ಮನೆಮದ್ದು ಸಾಲದು. ತಿಳಿದವರ ಹತ್ತಿರ ಹೋಗಬೇಕು. ಒಂದೇ ಬಂದರೂ ಅದು ಮೂರನೆಯದಾಗಿದ್ದರೆ ನಾವಂತೂ ಕಾಯುವುದಿಲ್ಲ. ಈ ಪ್ರಶ್ನೆಗಳನ್ನು ಅಪ್ಪ ಕೇಳಿದರೆ ಆರಕ್ಕೆ ಆರೂ "ಇಲ್ಲ" ಎಂದೇ ಬರುತ್ತದೆ. ಚಿಕ್ಕಮ್ಮನೋ, ಅವನು ನಂಬುವ ಮೇಷ್ಟ್ರೋ ಕೇಳಲಿ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 10–17 ವಯಸ್ಸಿನವರಲ್ಲಿ ಮದ್ಯ ಬಳಸುವವರು ಶೇ. 1.3 ಎಂದಿತ್ತು, ಮನೆಮನೆಗೆ ಹೋಗಿ ಕೇಳಿದಾಗ ಎಷ್ಟು ಮಕ್ಕಳು ನಿಜ ಹೇಳಿಯಾರು ಎಂಬುದನ್ನೂ ಸೇರಿಸಿಕೊಂಡು ಆ ಸಂಖ್ಯೆ ಓದಬೇಕು.

ಎಲ್ಲಿಗೆ ಹೋಗಬೇಕು? ಮೊದಲು ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್, ಅಂದರೆ ಹದಿಹರೆಯದವರಿಗೆಂದೇ ಇರುವ ಆಪ್ತಸಲಹೆಯ ಜಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಎಂದು ಮುಂಚೆ ವಿಚಾರಿಸಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. "ಊಟದಲ್ಲಿ ಬೆರೆಸಿಕೊಡಿ, ಗೊತ್ತಾಗದ ಹಾಗೆ ಬಿಡಿಸ್ತೀವಿ" ಎಂಬ ಪುಡಿಯ ಜಾಹೀರಾತುಗಳ ಹತ್ತಿರ ಸುಳಿಯಬೇಡಿ. ದಿನವೂ ಕುಡಿಯುವ ಹಂತ ತಲುಪಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಬೇಡ: ಕೈನಡುಕ, ಬೆವರು, ಫಿಟ್ಸ್ ಬರಬಹುದು, ಅದು ವೈದ್ಯರ ಕಣ್ಣೆದುರೇ ಆಗಬೇಕಾದ ಕೆಲಸ.

ತಂಡದಿಂದ ತೆಗೆದುಹಾಕಬೇಡಿ ಎಂದು ಮೊದಲೇ ಹೇಳಿದೆವು. ತೆಗೆದುಹಾಕಿದ ಹುಡುಗನಿಗೆ ಸಂಜೆ ಐದರಿಂದ ಏಳು ಖಾಲಿ, ಜೊತೆಗೆ ಉಳಿಯುವವರು ಕುಡಿಯುವ ಗೆಳೆಯರು ಮಾತ್ರ. ಪಂದ್ಯದಿಂದ ದೂರ ಇಡಿ, ಅಭ್ಯಾಸದಿಂದ ಅಲ್ಲ. ವೈದ್ಯರು ಒಪ್ಪಿದ ಮೇಲೆ ಮೊದಲ ವಾರ ದಿನಕ್ಕೆ 20–30 ನಿಮಿಷ ನಡಿಗೆ, ಹಗುರ ಕಸರತ್ತು, ಎರಡನೇ ವಾರ ತಂಡದ ಜೊತೆ ಅರ್ಧ ಅಭ್ಯಾಸ, ಮೂರನೆಯದರಿಂದ ಪೂರ್ತಿ. ಕಿರಿಯರಿಗೆ ಹೇಳಿಕೊಡುವ ಕೆಲಸ, ನೀರಿನ ಕ್ಯಾನ್ ತುಂಬಿಸುವ ಕೆಲಸ, ಸ್ಕೋರ್ ಬರೆಯುವ ಕೆಲಸ, ಏನಾದರೂ ಒಂದು ಜವಾಬ್ದಾರಿ ಅವನ ಹೆಸರಿನಲ್ಲಿರಲಿ. ಪಂದ್ಯಕ್ಕೆ ಇಳಿಸುವುದು ಒಂದು ತಿಂಗಳು ಕಳೆದ ಮೇಲೆ, ಅದೂ ಮೊದಲ ಎರಡು ಹಗಲಿನ ಪಂದ್ಯಗಳೇ ಆಗಿರಲಿ, ಮನೆಯವರೊಬ್ಬರು ಗಾಡಿ ತಂದು ಮೈದಾನದ ಅಂಚಿನಲ್ಲಿ ಕಾಯುತ್ತಿರಲಿ.